ಬೀಗರ ನೆಲ

ನನ್ನ ಗಂಡನ ಮನಿ ಊರೊಳಗ ಇರಲಿಲ್ಲ, ಹೊಲದಾಗ ಇತ್ತು. ಊರಿಂದ ಒಂದು ಕೂಗಳತಿ ದೂರ, ಸುತ್ತ ಎರಿ ಹೊಲ, ನಡುವ ಒಂಟಿ ಮನಿ. ಮಣ್ಣಿನ ಮಾಳಿಗಿ, ಮುಂದ ಅಗಲಾದ ಅಂಗಳ, ಅಂಗಳಕ್ಕ ಎದಿಮಟ ಕಲ್ಲಿನ ಗ್ವಾಡಿ. ಆ ಗ್ವಾಡಿಗೆ ಹತ್ತಿಗೊಂಡು ಒಂದು ಕಾಲ್ದಾರಿ ಹೋಗ್ತಿತ್ತು. ಪಾಮನಕಲ್ಲೂರ ಕಡಿ ಸಣ್ಣ ಹಳ್ಳಿ ಮಂದಿ ಸಂತೆಕಲ್ಲೂರ ಸಂತಿಗೆ ಹೋಗಬೇಕಂದ್ರ ಅದ ಹಾದಿ. ಬೆಳಕು ಹರಿಯೂ ಹೊತ್ತಿಗೆ ಬುಟ್ಟಿ, ಗಡಗಿ, ಕೋಳಿ, ಕೂಸು ಎಲ್ಲಾ ಹೊತ್ತುಕೊಂಡು ಬರ್ತಿದ್ರು. ನಮ್ಮ ಅಂಗಳದಾಗ ಯಾರು ಮುಸುರಿ ತಿಕ್ಕಾಕತ್ಯಾರ, ಯಾರು ಯಾರಿಂದ ಬೈಸಿಕೊಳ್ಳಾಕತ್ಯಾರ ಅಂತ ಕತ್ತು ಉದ್ದ ಮಾಡಿ ನೋಡಿಕೋತ ಹೋಗ್ತಿದ್ರು. ನೋಡಲಿ ಬಿಡ್ರಿ, ನನಗೇನು? ಆ ಮಂದಿಯೊಳಗ ನಮ್ಮವ್ವನೂ ಬರ್ತಿದ್ಲು.

ಅವ್ವ ಬೆಣ್ಣಿ ಮಾರತಿದ್ಲು. ನನ್ನ ತವರು ಆ ಹಾದಿ ಗುಂಟ ಹೋದ್ರ ಸಿಗೂ ಒಂದು ಸಣ್ಣ ಹಳ್ಳಿ. ನಸುಕಿನ್ಯಾಗ ಎದ್ದು ಗಡಗಿ ಹೊತ್ತು ಹೊಂಟ್ರ ನಾವು ರೊಟ್ಟಿ ಬಡಿಯೂ ಹೊತ್ತಿಗೆ ನಮ್ಮ ಗ್ವಾಡಿ ಮುಂದ ಇರ್ತಿದ್ಲು.

ನಮ್ಮ ಕಡಿ ಒಂದು ನೇಮ ಐತಿ. ಮಗಳನ್ನ ಕೊಟ್ಟ ಮನ್ಯಾಗ ಹಡದವರು ನೀರು ಕುಡಿಯೂದಿಲ್ಲ. ಮಗಳು ತವರಾಗ ಹಡದು, ತವರಿನವರು ತೊಟ್ಟಿಲ ಹೊತ್ತುಕೊಂಡು ತಾಯಿ-ಕೂಸಿನ್ನ ಗಂಡನ ಮನಿಗೆ ಬಿಡಾಕ ಬರ್ತಾರ ನೋಡ್ರಿ, ಆವತ್ತ ಮೊದಲ ತುತ್ತು, ಮೊದಲ ಗುಟುಕು. ಅಲ್ಲೀತನ ಬಂದ್ರೂ ಕಟ್ಟಿ ಮ್ಯಾಲ ಕುಂತು, ಒಣ ಗಂಟಲಾಗ ಮಾತಾಡಿ ಎದ್ದು ಹೋಗೂದು. ಉಳಿದ ಮಂದಿ ಮನ್ಯಾಗ ಇಷ್ಟ. ನಮ್ಮವ್ವನ ಮನಿತನದಾಗ ಇನ್ನೂ ಒಂದು ಕೈ ಹೆಚ್ಚು. ಆ ತೊಟ್ಟಿಲ ಹೊರೂ ದಿನದ ತನಕ ಹಡದವ್ವ ಬೀಗರ ನೆಲಾನ ತುಳಿಯೂದಿಲ್ಲ. ಹೊಸ್ತಿಲೂ ಇಲ್ಲ, ಅಂಗಳೂ ಇಲ್ಲ, ಬೀಗರ ಹೆಸರಿಲೆ ಇರೂ ಹೊಲಾನೂ ಇಲ್ಲ. ತುಳದ್ರ ಮಗಳ ಹೊಟ್ಟಿ ಬರಿದಾಗ್ತೈತಂತ. ಅವ್ವನ ಅಕ್ಕ ಒಬ್ಬಾಕಿ ಮಗಳಿಗೆ ಜ್ವರ ಅಂತ ಕೇಳಿ ಎಲ್ಲಾ ಮರತು ಬೀಗರ ಮನಿಯೊಳಗ ಓಡಿ ಹೋಗಿದ್ಲಂತ, ಆ ಮಗಳಿಗೆ ಆಮ್ಯಾಲ ಮಕ್ಕಳಾಗಲಿಲ್ಲಂತ. ಜ್ವರದಿಂದ ಆತೋ, ನೇಮ ಮುರದಿದ್ದಕ್ಕ ಆತೋ, ಯಾರು ಕಂಡಾರ? ಹಿಂಗ ಕೇಳಿದ್ರ ಅವ್ವ ನನ್ನ ಬಾಯಿ ಮ್ಯಾಲ ಹೊಡೀತಿದ್ಲು.

ಕಾಲ್ದಾರಿ ಮಾತ್ರ ಬೀಗರದಲ್ಲ. ಅದು ಸರಕಾರದ್ದು, ಎಲ್ಲಾರದು. ಹಿಂಗಾಗಿ ಸಂತಿ ದಿನ ಅವ್ವ ಗ್ವಾಡಿ ಆಚಿ ಹಾದ್ಯಾಗ ನಿಲ್ತಿದ್ಲು, ನಾ ಈಚಿ ಅಂಗಳದಾಗ. ನಾ ಗ್ವಾಡಿಗೆ ಬೆನ್ನು ಹಚ್ಚಿ ನಿಂತ್ರ ಆಕಿ ಆ ಕಡಿಯಿಂದ ನನ್ನ ತಲಿ ಬಾಚಿ ಹೆರಳ ಹಾಕ್ತಿದ್ಲು. ಬೆಣ್ಣಿ ಕೈ ಅದು, ಎಣ್ಣಿ ಬ್ಯಾಡಾಗಿತ್ತು. ಬಾಚಿಕೋತ ಯಾರ ಎಮ್ಮಿ ಈದೈತಿ, ಯಾರ ಸೊಸಿ ಜಗಳಾಡಿ ತವರಿಗೆ ಹೋಗ್ಯಾಳ, ಅಪ್ಪನ ಕೆಮ್ಮು ಹೆಂಗೈತಿ, ಎಲ್ಲಾ ಹೇಳಾಕಿ. ನಾ ಅತ್ತಿ ಮ್ಯಾಲ ಚಾಡಿ ಸುರು ಮಾಡಿದ್ನೋ, ಹೆರಳ ಹಿಡದು ಜಗ್ಗತಿದ್ಲು. "ಬಾಯಿ ಮುಚ್ಚು ಬೇ, ಒಳಗ ಕೇಳಸ್ತೈತಿ." ಮೊದಲಿಂದ ನನ್ನ ಬಾಯಿ ಜೋರು. ಉಳಿದ ದಿನ ಆ ಬಾಯಿ ಮುಚ್ಚಿಕೊಂಡು ಬಾಳೇವು ಮಾಡಿದ್ದು ಆ ಒಂದು ಹೊತ್ತಿನ ಸಲುವಾಗಿ.

ನೀನ ಯಾಕ ತವರಿಗೆ ಹೋಗಿ ಬರಲಿಲ್ಲ ಅಂತ ಕೇಳ್ತೀರೇನು? ಅದಕ್ಕ ನಮ್ಮ ಮಾವಾರ ಕಥಿ ಹೇಳಬೇಕು.

ಮಾವಾರು ಕೆಟ್ಟವರಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಾಂದ್ರ ನೀವು ಅವರನ್ನ ಬೈಯ್ಯಾಕ ಸುರು ಮಾಡ್ತೀರಿ. ಬೈಯ್ಯೂದಿದ್ರ ನಾ ಬೈತೀನಿ, ಆ ಹಕ್ಕು ನಂದು. ನಿಜಾಮರ ರಾಜ್ಯ ಮುರಿಯೂ ವರ್ಷದ ಗದ್ದಲದಾಗ ಬಂದೂಕು ಹಿಡದವರು ಅದ ಹಾದಿ ಗುಂಟ ಬಂದ್ರು. ಹಾಡಹಗಲ. ಗ್ವಾಡಿ ಹಾರಿ ಅಂಗಳಕ್ಕ ಇಳದು, ಹಗೇವಿನ ಬಾಯಿ ತೆಗಿಸಿದ್ರು. ಅಂಗಳದಾಗ ಆಳಕ್ಕ ಕಡದು ವರ್ಷದ ಜ್ವಾಳ ತುಂಬಿಡೂ ಕುಣಿ ಅದು. ಮಾವಾರು ಅಡ್ಡ ಹೋದ್ರು. ಅವರನ್ನ ಅದ ಕುಣಿ ದಂಡಿಗೆ ಕೆಡವಿ ಹೊಡದ್ರು. ಯಾರ ಮುಂದೂ ತಲಿ ಬಗ್ಗಿಸದ ಮನಶಾ, "ಹೆಣ್ಣುಮಕ್ಕಳಿಗೆ ಏನೂ ಮಾಡಬ್ಯಾಡ್ರಿ, ಕೈ ಮುಗೀತೀನಿ" ಅಂತ ಅತ್ತುಬಿಟ್ರು. ನಾವು ಬಾಗಲ ಸಂದಿಯಿಂದ ನೋಡಾಕತ್ತಿದ್ವಿ, ನೋಡಾಕತ್ತೀವಿ ಅಂತ ಅವರಿಗೂ ಗೊತ್ತಿತ್ತು. ಬಂದವರು ಜ್ವಾಳ ತುಂಬಿಕೊಂಡು ಹೋದ್ರು, ನಮ್ಮನ್ನ ಮುಟ್ಟಲಿಲ್ಲ.

ಆವತ್ತಿಂದ ಹಾದ್ಯಾಗ ಹೆಜ್ಜಿ ಸಪ್ಪಳ ಆದ್ರ ಸಾಕು, ಮಾವಾರು ಉಣ್ಣೂ ತಾಟು ಬಿಟ್ಟು ಎದ್ದು ನಿಲ್ಲತಿದ್ರು. ಸಂತಿ ದಿನ ಅಂತೂ ಒಂದು ತುತ್ತೂ ಇಳೀತಿರಲಿಲ್ಲ. ಮನಿ ಹೆಣ್ಣುಮಕ್ಕಳು ಅಂಗಳ ದಾಟಬಾರದು ಅಂತ ಹುಕುಂ ಮಾಡಿದ್ರು. ಪಂಚಮಿಗೆ ಕರಿಯಾಕ ಬಂದ ನಮ್ಮ ಅಣ್ಣನ್ನ ಉಣಿಸಿ ತಿನಿಸಿ ಬರಿಗೈಲೆ ಕಳಿಸಿದ್ರು. ಗದ್ದಲ ಮುಗೀತು, ಹೊಸ ಸರಕಾರ ಬಂತು, ಊರಾಗ ಮಂದಿ ಬಾಗಲ ತೆರದು ಮಲಗಾಕ ಸುರು ಮಾಡಿದ್ರು. ನಮ್ಮ ಮನ್ಯಾಗ ಮಾತ್ರ ಹುಕುಂ ಹಂಗ ಉಳೀತು. ನನ್ನ ಗಂಡಗ ಹೇಳಿದ್ರ, "ಅಪ್ಪಗ ನಾ ಏನಂತ ಹೇಳಲಿ" ಅಂತಿದ್ರು. ಅಪ್ಪನ ಮುಂದ ಬಾಯಿ ಬಿಡದ ಗಂಡಸು, ಅವರನ್ನ ಕಟ್ಟಿಕೊಂಡು ಏನು ಮಾಡೂದು?

ಒಂದಿನ ಮಾವಾರು ಲಿಂಗಸೂಗೂರಿಗೆ ಹೋಗಿ ಅರ್ಜಿ ಕೊಟ್ಟು ಬಂದ್ರು. ಮನಿ ಮುಂದಿನ ಕಾಲ್ದಾರಿ ಮುಚ್ಚಬೇಕು, ಅದರ ಬದಲಿ ಹಳ್ಳದ ದಂಡಿಗೆ ತಮ್ಮ ಹೊಲದಾಗ ಅಷ್ಟ ಅಗಲದ ಹಾದಿ ಬಿಟ್ಟುಕೊಡ್ತೀನಿ ಅಂತ. ಬ್ಯಾಡ ಅನ್ನವರು ಯಾರು? ಹಳ್ಳದ ದಂಡಿಗೆ ಜಾಲಿ ಗಿಡದ ನೆಳ್ಳು, ಕುಡಿಯಾಕ ವರತಿ ನೀರು. ಊರ ಮಂದಿ ಖುಷಿ ಆದ್ರು.

ತಹಶೀಲ್ದಾರ ಸಾಹೇಬ್ರು ಪಂಚನಾಮಕ್ಕ ಬಂದ್ರು. ಪಟವಾರಿ ಸರಪಳಿ ಎಳದು ಹಾದಿ ಅಳದ, ಹಳ್ಳದ ದಂಡಿ ಅಳದ. ಹತ್ತು ಮಂದಿ ಹಿರೇರು ನಮ್ಮ ಅಂಗಳದಾಗ ಕಂಬಳಿ ಮ್ಯಾಲ ಕುಂತ್ರು. ಸಾಹೇಬ್ರು ಚಾ ಕುಡದು ಕೇಳಿದ್ರು: "ಇದಕ್ಕ ಯಾರದರ ತಕರಾರು ಐತೇನು?"

ಎಲ್ಲಾರೂ ಇಲ್ಲ ಅಂದ್ರು. ನಾ ಬಾಗಲ ಹಿಂದ ನಿಂತಿದ್ದೆ. ಅನ್ನಬಾರದು ಅನ್ನೂದರಾಗ ಬಾಯಿಂದ ಬಂದುಬಿಡ್ತು. "ನಂದು ಐತ್ರಿ!"

ಅತ್ತಿ ನನ್ನ ತೋಳು ಹಿಡದು ಹಿಂಗ ಚಿವುಟಿದಳಂದ್ರ ಆ ನೀಲಿ ಕಲಿ ಹೋಗಾಕ ಎಷ್ಟೋ ದಿನ ಬೇಕಾತು. ಸಾಹೇಬ್ರು ಸಿಟ್ಟಾಗಲಿಲ್ಲ. "ಯಾರದು? ಹೇಳು ಬೇಟಿ" ಅಂದ್ರು.

"ನಮ್ಮವ್ವ ಈ ಹಾದೀಲೆ ಬರ್ತಾಳ್ರಿ. ಹಾದಿ ಹೋತಂದ್ರ ನನಗ ನಮ್ಮವ್ವ ಕಾಣೂದಿಲ್ರಿ."

ಮಂದಿ ನಕ್ಕರು. ಕೆಟ್ಟ ನಗಿ ಅಲ್ಲ, ಸಣ್ಣ ಹುಡುಗಿ ಮಾತಿಗೆ ನಗ್ತಾರಲ್ಲ, ಅಂಥಾದ್ದು. ಮಾವಾರೂ ನಕ್ಕರು. "ನಮ್ಮ ಬೀಗತಿಗೆ ಹಾದಿ ಯಾಕ್ರಿ ಸಾಹೇಬ್ರ? ಹಾದಿ ಇರೂದು ಹಾದಿ ಮಂದಿಗೆ. ಆಕಿಗೆ ನನ್ನ ಬಾಗಲ ತೆರದೈತಿ. ಇವತ್ತ ಬರಲಿ, ತಿಂಗಳಗಟ್ಟಲೆ ಇರಲಿ."

ಮನಸಿನಿಂದ ಅಂದ್ರು ಅವರು. ಅದ ನನಗ ಕೆಟ್ಟ ಆಗಿದ್ದು. ಬೈದಿದ್ರ ತಿರುಗಿ ಬೈತಿದ್ದೆ, ಒಳ್ಳೆ ಮಾತಿಗೆ ಏನನ್ನಲಿ? ಸಾಹೇಬ್ರು, "ಮತ್ತೇನು ಬೇಟಿ, ಇದಕ್ಕಿಂತ ದೊಡ್ಡ ಹಾದಿ ಬೇಕೇನು?" ಅಂದ್ರು. ಗಂಟಲ ತನಕ ಬಂದಿತ್ತು. ನಮ್ಮವ್ವ ನಿಮ್ಮ ನೆಲ ತುಳಿಯೂದಿಲ್ಲ ಅಂತ ಇಡೀ ಊರಿನ ಎದುರಿಗೆ ಅಂದ್ರ ಮಾವಾರ ಮುಖ ಎಲ್ಲಿ ಉಳೀತಿತ್ತು? ಯಾಕ ತುಳಿಯೂದಿಲ್ಲ ಅಂತ ಕೇಳಿದ್ರ, ನನಗ ಇನ್ನೂ ಮಕ್ಕಳಾಗಿಲ್ಲ, ಅದಕ್ಕ ಅಂತ ಗಂಡಸರ ಮುಂದ ಹೇಳಬೇಕು. ನೀರಿನ ನೇಮ ನಮ್ಮ ಅತ್ತಿ-ಮಾವಗ ಗೊತ್ತಿತ್ತು, ಈ ನೆಲದ ನೇಮ ಗೊತ್ತಿರಲಿಲ್ಲ. ಬೀಗತಿಗೆ ನಾಚಿಕಿ ಬಾಳ, ಅದಕ್ಕ ಒಳಗ ಬರೂದಿಲ್ಲ ಅಂದುಕೊಂಡಿದ್ರು. ನಾ ಬಾಗಲ ಹಿಂದಕ್ಕ ಸರದೆ. ಪಟವಾರಿ ತಕರಾರು ಇಲ್ಲ ಅಂತ ಬರಕೊಂಡ. ನನ್ನ ಗಂಡ ಅಲ್ಲೇ ಕಂಬಳಿ ಅಂಚಿಗೆ ಕುಂತು ಕಾಲಬೆರಳು ನೋಡಾಕತ್ತಿದ್ರು.

ಸರಕಾರದ ಹುಕುಂ ಬಂದ ವಾರದಾಗ ಹಾದಿ ಹರಗಿದ್ರು. ಎಷ್ಟು ತಲಿಮಾರು ತುಳದ ನೆಲಾನೋ ಏನೋ, ಕುಂಟಿ ಹಿಡೀಲಿಲ್ಲ, ದೊಡ್ಡ ರಂಟಿ ನೇಗಿಲಿಗೆ ನಾಕು ಎತ್ತು ಹೂಡಿ ಎಬ್ಬಿಸಬೇಕಾತು. ಹಾದಿ ಎರಡೂ ಬಾಯಿಗೆ ಮುಳ್ಳು ಬಡದು, ಹಿಂಗಾರಿ ಜ್ವಾಳ ಬಿತ್ತಿದ್ರು. ಮಾವಾರು ಆವತ್ತು ಹೊಟ್ಟಿ ತುಂಬ ಉಂಡ್ರು. ಅವರು ನೆಮ್ಮದಿಲೆ ಉಂಡದ್ದು ನೋಡಿ ನನಗ ಸಿಟ್ಟೂ ಬಂತು, ಪಾಪ ಅಂತಾನೂ ಅನಿಸ್ತು.

ಸಂತಿ ದಿನ ನಾ ಕುಳ್ಳು ತರೂ ನೆವ ಮಾಡಿ ಮಾಳಿಗಿ ಏರಿದೆ. ಹಳ್ಳದ ದಂಡಿ ಗುಂಟ ಮಂದಿ ಸಾಲು ಹೊಂಟಿತ್ತು. ಅವ್ವ ಯಾರು ಅಂತ ಗುರುತು ಸಿಗಲಿಲ್ಲ. ಎಲ್ಲಾರ ತಲಿ ಮ್ಯಾಲೂ ಏನರ ಒಂದು ಇತ್ತು. ಒಬ್ಬಾಕಿ ನಿಂತು ಮನಿ ಕಡಿ ತಿರುಗಿದಳು. ಆಕೀನ ಅಂದುಕೊಂಡು ಕೈ ಎತ್ತಿದೆ. ಆಕಿ ಎತ್ತಲಿಲ್ಲ. ಗಡಗಿ ಹಿಡದಿದ್ಲೋ, ಬ್ಯಾರೆ ಯಾರೋ ಇದ್ದಳೋ. ಅತ್ತಿ ಕೆಳಗಿಂದ ಕೂಗಿದಳು, "ಕುಳ್ಳು ತರಾಕ ಹೋಗೀಯೋ, ಕುಳ್ಳು ತಟ್ಟಾಕ ಹೋಗೀಯೋ?" ಜ್ವಾಳ ಎತ್ತರ ಬೆಳದ ಮ್ಯಾಲ ತಲಿ ಮ್ಯಾಲಿನ ಗಡಗಿನೂ ಕಾಣದಂಗಾತು.

ಮನಿಗೆ ಬರೂ ಹೊರಗಿನವರಂದ್ರ ಬಳಿಗಾರ ಅಜ್ಜಿ ಒಬ್ಬಾಕಿ. ಮುಸಲ್ಮಾನರಾಕಿ, ಬಳಿ ಮಲಾರ ಹೊತ್ತು ಊರೂರು ತಿರುಗಾಕಿ, ನನ್ನ ತವರಿಗೂ ಹೋಗತಿದ್ಲು. ಆಕಿ ಕೈಲೆ ಹೇಳಿ ಕಳಿಸಿದೆ: ನೇಮಾನೂ ಬ್ಯಾಡ ಏನೂ ಬ್ಯಾಡ, ಅಂಗಳಕ್ಕ ಬಾ, ನಾ ಇಲ್ಲಿ ಸಾಯಾಕತ್ತೀನಿ. ಅಜ್ಜಿ ತಿರುಗಿ ಬಂದು ನನ್ನ ಮುಂಗೈ ಹಿಡದು ಬಳಿ ಏರಿಸಿಕೋತ ಮೆಲ್ಲಕ ಹೇಳಿದಳು. "ತೊಟ್ಟಿಲ ತಗೊಂಡ ಬರ್ತೀನಂತ, ಅಲ್ಲೀತನ ತಡಕೋ ಅಂದಾಳ ಬೇಟಿ. ಕ್ಯಾ ಕರೂ, ಏನು ಮಾಡಲಿ, ನಾ ಬಾಳ ಹೇಳಿ ನೋಡಿದೆ." ಅವ್ವನ ಮ್ಯಾಲ ನನಗ ಎಂಥಾ ಸಿಟ್ಟು ಬಂತಂದ್ರ, ಆ ಹೊಸ ಬಳಿ ಒಲಿ ಕಟ್ಟಿಗೆ ಬಡದು ಒಡಕೊಂಡೆ.

ಮರುವರ್ಷ ನನಗ ಹೊಟ್ಟಿ ನಿಂತಿತು. ಚೊಚ್ಚಲ ಬಾಣಂತನ ತವರಾಗ ಆಗಬೇಕು, ಅದಕ್ಕ ಮಾವಾರೂ ಅಡ್ಡ ಬರಲಿಲ್ಲ. ಬಂಡಿಗೆ ಸುತ್ತ ಕೌದಿ ಕಟ್ಟಿ, ಮುಂದ ತಾವ ಕುಂತು ಬಿಟ್ಟು ಬಂದ್ರು, ಹಳ್ಳಿ ಹೊರಗಿಂದ ತಿರುಗಿ ಹೋದ್ರು. ತವರಾಗಿನ ಆ ದಿನದ ಬಗ್ಗೆ ನಾ ಹೆಚ್ಚು ಹೇಳೂದಿಲ್ಲ. ಹೆಣ್ಣು ಕೂಸು. ತಲಿ ತುಂಬ ಕೂದಲ. ಅವ್ವ ಎರಕೋತ, ಕಾಸಿಕೋತ, ಹಾಡಿಕೋತ ಸುಖದಾಗ ಇದ್ದಳು. ಬಡಿಗ್ಯಾರ ಮನ್ಯಾಗ ತೊಟ್ಟಿಲ ಮಾಡಾಕ ಹಾಕಿದ್ರು. "ನಾ ಬೀಗರ ಮನ್ಯಾಗ ಏನು ಉಣ್ಣಲಿ, ಹೋಳಿಗಿ ಮಾಡ್ತಾಳೇನು ನಿಮ್ಮತ್ತಿ, ಕೈ ಹಿಡದು ತುಪ್ಪ ಹಾಕೂ ಜಾತಿ ಅದು" ಅಂತ ಅವ್ವ ಚ್ಯಾಷ್ಟಿ ಮಾಡಾಕಿ. ನಾವಿಬ್ಬರೂ ಬಿದ್ದು ಬಿದ್ದು ನಗತಿದ್ವಿ. ತೊಟ್ಟಿಲಿಗೆ ಬಣ್ಣ ಹಚ್ಚಿ ಒಣಗಾಕ ಇಟ್ಟಾಗ ಕೂಸಿಗೆ ಜ್ವರ ಬಂತು. ಮಸ್ಕಿಯಿಂದ ವೈದ್ಯರು ಬರೂದರೊಳಗ ಹೋತು.

ನನ್ನನ್ನ ಕರಕೊಂಡು ಹೋಗಾಕ ಬಂಡಿ ಬಂದು ಹಳ್ಳಿ ಹೊರಗ ನಿಂತಾಗ ನಾ ಅವ್ವನ ಸೆರಗು ಹಿಡದೆ. "ನಾ ಹಡದೀನಲ್ಲ. ಹೊಟ್ಟಿ ಬರಿದೇನೂ ಇರಲಿಲ್ಲಲ್ಲ. ನಿನ್ನ ನೇಮ ಮುಗೀತಲ್ಲ. ಬಾ ನನ್ನ ಸಂಗಾಟ."

ಅವ್ವ ಸೆರಗು ಬಿಡಿಸಿಕೊಳ್ಳಲಿಲ್ಲ. "ಬರೀ ತೊಟ್ಟಿಲ ಹೊತ್ತು ಬೀಗರ ಮನಿ ಹೆಂಗ ಹೊಗಲೇ ಮಗಳ" ಅಂದಳು. ಅಷ್ಟ. ಅಂದ್ರ ನಾ ಹಡದದ್ದು ಲೆಕ್ಕಕ್ಕ ಹಿಡೀಲಿಲ್ಲ.

ಬಂದ ಮ್ಯಾಲ ನನಗ ಮಾತು ಬ್ಯಾಡಾತು, ಅನ್ನ ಬ್ಯಾಡಾತು. ಬಾಯಿ ಜೋರಿನ ಹುಡುಗಿ ಮೂಕಿ ಆದ್ರ ಮನಿ ಹೆದರ್ತೈತಿ. ಗಂಡ ಆಗ ಸಿಂಧನೂರ ಕಡಿ ಕಾಲುವಿ ಕೆಲಸಕ್ಕ ಬಂಡಿ ಹೂಡಿಕೊಂಡು ಹೋಗಿದ್ರು. ಚಿವುಟೂ ಅತ್ತಿ ತಾಟು ಹಿಡದು ತುತ್ತು ಮಾಡಿ ತಿನಸಾಕ ಬರ್ತಿದ್ಲು. ಮಾವಾರು ಕಟ್ಟಿ ಮ್ಯಾಲ ಕುಂತು ನನ್ನನ್ನ ನೋಡಿ ನೋಡಿ, ಕಡೀಗೆ ಒಂದು ಸಂತಿ ದಿನ ಬೆಳಿಗ್ಗೆ ಎದ್ದು ಹೊಂಟ್ರು.

ಜ್ವಾಳ ಕೊಯ್ದು ಹೊಲ ಬಯಲಾಗಿತ್ತು. ಮಾವಾರು ತಮ್ಮ ಕೈಲೆ ಬಡದ ಮುಳ್ಳು ತಮ್ಮ ಕೈಲೆ ಕಿತ್ತು ಬದಿಗೆ ಎಳದ್ರು. ಹಳ್ಳದ ದಂಡಿಗೆ ಹೋಗಿ, ಬರೂ ಮಂದ್ಯಾಗ ನಮ್ಮವ್ವನ್ನ ಹುಡುಕಿ, ಹಳೇ ಹಾದಿ ಬಾಯಿಗೆ, ನಮ್ಮ ಹೊಲದ ಬದುವಿನ ತನಕ ಕರಕೊಂಡು ಬಂದ್ರು. ನಾ ಅಂಗಳದ ಗ್ವಾಡಿಗೆ ಓಡಿ ಬಂದೆ. ಗಾಳಿ ನನ್ನ ಕಡಿ ಬೀಸಾಕತ್ತಿತ್ತು, ಮಾತು ಕೇಳಸ್ತಿತ್ತು.

"ಮನಿಗೆ ಬರಬ್ಯಾಡ್ರಿ ಬೀಗತಿ, ನಾಚಿಕಿ ಇದ್ರ ಇರಲಿ. ನಿಮ್ಮ ಹಳೇ ಹಾದೀಲೆ ಗ್ವಾಡಿ ತನಕ ಬರ್ರಿ. ಹುಡುಗಿ ಜೀವ ಹಿಡಕೊಂಡು ಕುಂತೈತಿ" ಅಂದ್ರು ಮಾವಾರು.

ಅವ್ವ ಗಡಗಿ ಕೆಳಗಿಟ್ಟು ಬದುವಿನ ಮ್ಯಾಲ ಒಂದು ಕಾಲು ಎತ್ತಿದಳು. ಎತ್ತಿದ್ದು ನಾ ಕಣ್ಣಾರೆ ನೋಡೀನಿ. ಹಂಗ ತಡದು ಕೇಳಿದಳು, "ಇದು ಈಗ ಯಾರ ನೆಲ್ರೀ ಬೀಗರ?"

"ನಮ್ಮದ. ಸರಕಾರ ನಮಗ ಬರಕೊಟ್ಟೈತಿ" ಅಂದ್ರು ಮಾವಾರು. ರೈತಗ ಆ ಮಾತಿನ್ಯಾಗ ಹೆಮ್ಮಿ ಇರ್ತೈತಿ, ಬ್ಯಾಡಂದ್ರೂ ಬರ್ತೈತಿ. ಅವ್ವ ಎತ್ತಿದ ಕಾಲು ತಿರುಗಿ ಇಟ್ಟಳು.

ಆಮ್ಯಾಲ ಸೆರಗು ಮುಂದ ಎಳಕೊಂಡು, ತಲಿ ಬಗ್ಗಿಸಿ, ತಮ್ಮ ಮನಿತನದ ನೆಲದ ನೇಮ ಹೇಳಿದಳು. ಮಾವಾರಿಗೆ ಆವತ್ತ ಮೊದಲು ತಿಳದದ್ದು. ಅವರು ತಲಿ ಮ್ಯಾಲಿನ ರುಮಾಲ ತೆಗದು ಕೈಯಾಗ ಹಿಡಕೊಂಡ್ರು. "ಮೊದಲ ಯಾಕ ಹೇಳಲಿಲ್ರಿ? ನಾಳೇನ ಮತ್ತ ಅರ್ಜಿ ಕೊಡ್ತೀನಿ, ಹಾದಿ ಇದ್ದಲ್ಲೇ ಹಾಕಸ್ತೀನಿ" ಅಂದ್ರು. ನೋಡಾಕ ನಿಂತ ಮಂದ್ಯಾಗಿಂದ ಒಬ್ಬ ನಕ್ಕ. "ಹೋಗ್ರಿ ಯಜಮಾನ್ರ, ನೆಳ್ಳು ಬಿಟ್ಟು ಬಿಸಲಾಗ ಯಾರು ತಿರುಗಿ ಬರ್ತಾರ? ಈಗ ಹಾದಿ ಬದಲಿಸ್ತೀನಿ ಅಂದ್ರ ಎಲ್ಲಾ ಊರಿಂದೂ ತಕರಾರು ಬರ್ತಾವು." ಖರೆ ಇತ್ತು ಅವನ ಮಾತು. ನೆಳ್ಳಿನ ರುಚಿ ಕಂಡವರನ್ನ ಎಬ್ಬಿಸಾಕ ಯಾವ ತಹಶೀಲ್ದಾರನ ಕೈಲೂ ಆಗೂದಿಲ್ಲ.

ನನಗ ತಡೀಲಿಲ್ಲ. "ಆಕಿ ಬರೂದು ಬ್ಯಾಡ, ನಾನ ಬರ್ತೀನಿ!" ಅಂತ ಕೂಗಿ ಗ್ವಾಡಿ ಹಾರಿದೆ. ತಲಿ ಮ್ಯಾಲ ಸೆರಗಿಲ್ಲ, ಕಾಲಾಗ ಕೆರ ಇಲ್ಲ, ಕೊಯ್ದ ಜ್ವಾಳದ ಕೂಳಿ ಅಂಗಾಲಿಗೆ ಚುಚ್ಚಿದ್ದು ಮನಿಗೆ ಬಂದ ಮ್ಯಾಲ ಗೊತ್ತಾತು. ನಡುಹೊಲದಾಗ ಮಾವಾರು ಎದುರಿಗೆ ಬಂದ್ರು. ಬಯಲಾಗ ಮನಿ ಹೆಣ್ಣುಮಗಳು, ಆ ಕಡಿ ಹಾದಿ ತುಂಬ ಗಂಡಸರು. "ಒಳಗ ಹೋಗವ್ವ, ಕೈ ಮುಗೀತೀನಿ, ಒಳಗ ಹೋಗು" ಅಂದ್ರು. ಬಂದೂಕಿನವರ ಮುಂದ ಮುಗದ ಕೈ ಈಗ ನನಗ ಮುಗದ್ರು. ಆದ್ರೂ ನಾ ಅವರನ್ನ ದಾಟಿ ಹೋಗತಿದ್ದೆ. ಖರೇನ ಹೇಳ್ತೀನಿ, ಹೋಗತಿದ್ದೆ. ತಡದದ್ದು ಅವ್ವ.

"ನಿಲ್ಲಲ್ಲೇ!" ಅಂದಳು. ಅಷ್ಟು ಜೋರಾಗಿ ಆಕಿ ಯಾವತ್ತೂ ಕೂಗಿದಾಕಿ ಅಲ್ಲ. "ಗಂಡನ ಮನಿ ಗ್ವಾಡಿ ಹಾರಿದಾಕಿ ಅಂತ ಅನಿಸಿಕೋತಿಯೇನು? ಇಷ್ಟು ಮಂದಿ ನೋಡಾಕತ್ಯಾರ. ಹೋಗು, ಹಿರೇರ ಮಾತು ಕೇಳು."

"ಮುಖ ನೋಡಿ ಹೋಗ್ತೀನಬೇ" ಅಂದೆ.

"ನೋಡಿದಿಯಲ್ಲ" ಅಂದಳು. ಗಡಗಿ ಎತ್ತಿ ತಲಿ ಮ್ಯಾಲ ಇಟ್ಟುಕೊಂಡು ಮಂದಿ ಹಿಂದ ಹೊಂಟಳು. ನಾನೂ ಮಾವಾರೂ ಬಯಲಾಗ ನಿಂತಿದ್ವಿ, ಯಾರು ಯಾರನ್ನ ಒಳಗ ಕರಕೊಂಡು ಹೋಗಬೇಕು ಅನ್ನೂದು ತಿಳೀದ.

ಮುಂದಿನ ಸಂತಿಗೆ ನಾ ಮಾಳಿಗಿ ಏರಿ ನಿಂತೆ, ಅದರ ಮುಂದಿನ ಸಂತಿಗೂ ನಿಂತೆ. ಹೊಲ ಬೋಳು, ಎಲ್ಲಾರೂ ಕಾಣಸ್ತಾರ, ಅವ್ವ ಇಲ್ಲ. ಬಳಿಗಾರ ಅಜ್ಜಿ ಬಂದಾಗ ಕೇಳಿದೆ. ಆಕಿ ಬಳಿ ಮಲಾರ ಬಿಚ್ಚಲೇ ಇಲ್ಲ. "ನಿಮ್ಮವ್ವ ಈಗ ಮಸ್ಕಿ ಸಂತಿಗೆ ಹೊಂಟಾಳ ಬೇಟಿ" ಅಂದಳು.

"ಅದು ದೂರ ಆಗೂದಿಲ್ಲೇನು?"

"ದೂರಾನ ಐತಿ. ಕಂಡ್ರ ಮತ್ತ ಗ್ವಾಡಿ ಹಾರ್ತಾಳ, ಬಾಳೇವು ಕೆಡಿಸಿಕೋತಾಳ ಅಂತ ಈ ಕಡಿ ಬರೂದ ಬಿಟ್ಟಾಳ."

ಮಾವಾರು ಅರ್ಜಿ ಕೊಟ್ರು, ಅದು ಆಗಲಿಲ್ಲ. ಮುಳ್ಳು ತೆಗದಲ್ಲಿ ಮತ್ತ ಹಚ್ಚಲಿಲ್ಲ ಅವರು, ಆದ್ರೂ ಅಲ್ಲಿ ಯಾರೂ ನಡೀಲಿಲ್ಲ. ಬಾಳೇವು ಕೆಡಲಿಲ್ಲ. ಗಂಡ ಒಳ್ಳೆವರ, ಅತ್ತಿ ಮೆತ್ತಗಾದಳು, ಊರಾಗ ನನ್ನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ನನಗ ಮತ್ತ ಕೂಸು ಆಗಲಿಲ್ಲ. ನಮ್ಮ ಕಡಿ ಎಲ್ಲಾ ಮೈಸೂರು ರಾಜ್ಯಕ್ಕ ಸೇರಿದ ವರ್ಷ ಅವ್ವ ಹೋದಳು. ಮಾವಾರು ಬಂಡಿಗೆ ಕೌದಿ ಕಟ್ಟದ, ಬಯಲ ಬಂಡ್ಯಾಗ ನನ್ನನ್ನ ಮಣ್ಣಿಗೆ ಕರಕೊಂಡು ಹೋದ್ರು. ನನ್ನ ಹೊಟ್ಟಿ ಸಲುವಾಗಿ ಆಕಿ ನಮ್ಮ ನೆಲ ತುಳೀಲಿಲ್ಲ. ಹೊಟ್ಟಿನೂ ತುಂಬಲಿಲ್ಲ, ಅವ್ವನೂ ಸಿಗಲಿಲ್ಲ.